ಬಸಪ್ಪ ಕೊಟ್ಟ ಪಾದ, ಬಾಲರಾಜಣ್ಣ ಮರೆತ ಪ್ರಶ್ನೆ

ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಮೈಕು ಹಿಡಿದು ಬಸ್ಸುಗಳನ್ನು ಹೊರಡಿಸಿದ ಬಾಲರಾಜಣ್ಣನಿಗೆ ಜೀವಮಾನದಲ್ಲಿ ಒಂದು ನಿರ್ಧಾರವನ್ನೂ ಸ್ವಂತವಾಗಿ ಮಾಡಿ ಗೊತ್ತಿರಲಿಲ್ಲ. ಅದು ಅವನ ತಪ್ಪಲ್ಲ. ಯಾವ ಬಸ್ಸು ಯಾವಾಗ ಹೊರಡಬೇಕೆಂದು ಮೇಲಿನವರು ಬರೆದು ಗೋಡೆಗೆ ಅಂಟಿಸಿದ್ದರು, ಇವನು ಓದಿ ಕೂಗುತ್ತಿದ್ದ. ಕೂಗುವವನ ಗಂಟಲು ದೊಡ್ಡದಿದ್ದುದರಿಂದ ತೀರ್ಮಾನವೂ ಅವನದೇ ಇರಬೇಕೆಂದು ಪ್ರಯಾಣಿಕರು ನಂಬಿದ್ದರು. ವರ್ಷಗಳು ಕಳೆದಂತೆ ಬಾಲರಾಜಣ್ಣನೂ ಹಾಗೆಯೇ ನಂಬತೊಡಗಿದ್ದ. ಇಂಥ ಮನುಷ್ಯನ ಕೈಗೆ ಸರ್ಕಾರ ನಿವೃತ್ತಿಯ ದಿನ ಒಂದೇ ಗಂಟಿನಲ್ಲಿ ದುಡ್ಡು ಕೊಟ್ಟು ಕಳಿಸಿದ್ದು ಬಹಳ ಧೈರ್ಯದ ಕೆಲಸ ಎಂದೇ ಹೇಳಬೇಕು.

ಸಾಲಸೋಲವೆಲ್ಲ ತೀರಿ ಒಂಬತ್ತು ಲಕ್ಷ ಉಳಿಯಿತು. ಉಳಿದ ದಿನವೇ ಹೆಂಡತಿ ಕೆಂಚಮ್ಮ ಮುದ್ದೆ ಬಡಿಸುತ್ತಾ ತನ್ನ ಅಹವಾಲು ಮುಂದಿಟ್ಟಳು.

"ಪೋಸ್ಟಾಫೀಸಲ್ಲಿ ಹಾಕ್ಬುಡಿ. ನನ್ ಹೆಸ್ರಲ್ಲಿ ಹಾಕಿ. ತಿಂಗ್ಳಿಗೆ ಐದೂವರೆ ಸಾವ್ರ ಬಡ್ಡಿ ಬತ್ತದಂತೆ."

"ನಿನ್ ಹೆಸ್ರಲ್ಲಿ ಯಾಕಮ್ಮಿ? ನಾನೇನು ಕೊಡಾಕಿಲ್ವಾ?"

"ಕೊಡ್ತೀರಿ. ಕೇಳ್ದಾಗ ಕೊಡ್ತೀರಿ. ಯಾತಕ್ಕೆ ಅಂತೀರಿ, ಎಷ್ಟು ಅಂತೀರಿ, ಆಮೇಲೆ ಕೊಡ್ತೀರಿ. ತಂಗಿ ಮನೆಗೆ ಹೋಗಕೆ ಬಸ್ಸೇನೋ ಹೆಂಗಸ್ರಿಗೆ ಫ್ರೀ ಆಯ್ತು. ಇಳಿದ್ಮೇಲೆ ಬರಿಗೈಲಿ ಹೋಗಕಾಯ್ತದಾ? ಮಕ್ಳಿಗೆ ಒಂದ್ ಬ್ರೆಡ್ ಪಾಕೀಟಾದ್ರೂ ಬೇಡ್ವಾ? ಅದಕ್ಕೂ ನಿಮ್ ಜೇಬು ನೋಡ್ಕೊಂಡು ನಿಂತ್ಕೊಬೇಕು."

ಕೆಂಚಮ್ಮ ಇದನ್ನು ಜಗಳಕ್ಕೆ ಹೇಳಿರಲಿಲ್ಲ. ಇನ್ನೊಂದು ಸೌಟು ಸಾರು ಹಾಕುತ್ತಲೇ ಹೇಳಿದ್ದಳು. ಹಾಗಾಗಿ ಬಾಲರಾಜಣ್ಣ "ಆಗ್ಲಿ ಬುಡು" ಎಂದುಬಿಟ್ಟ.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕೆಂಚಮ್ಮನಿಗೆ ಜಯಕುಮಾರ್ ಎಂಬ ತಮ್ಮನಿದ್ದ, ಆ ತಮ್ಮನಿಗೆ ಪೇಟೆಬೀದಿಯಲ್ಲಿ ಮೊಬೈಲ್ ಅಂಗಡಿಯಿತ್ತು, ಆ ಅಂಗಡಿಯಲ್ಲಿ ಫೋನಿಗಿಂತ ಸಲಹೆ ಹೆಚ್ಚು ಖರ್ಚಾಗುತ್ತಿತ್ತು.

"ಬಾವ, ಚಿಟಿಕೆ ಅಂತ ಕಂಪನಿ. ಹತ್ತು ನಿಮಿಷಕ್ಕೆ ಮನೆಗೆ ತರಕಾರಿ ತಂದ್ಕೊಡ್ತದೆ. ಈಗ ಷೇರು ಬುಡ್ತಾ ಅವ್ರೆ. ಮೂರೇ ದಿನ ಬಾಗ್ಲು ತೆಗ್ದಿರ್ತಾರೆ. ಒಳಗೆ ನುಗ್ಗಿದೋನು ಗೆದ್ದ."

"ನಮ್ಮೂರಿಗೆ ತಂದ್ಕೊಡ್ತದೇನ್ಲಾ?"

"ಇಲ್ಲ. ಬೆಂಗಳೂರು ದಾಟಾಕಿಲ್ಲ. ಹೋದ್ವರ್ಸ ಒಂಬೈನೂರು ಕೋಟಿ ಲಾಸಾಗದೆ."

"ಲಾಸಾ?"

"ಬಾವ, ಒಂಬೈನೂರು ಕೋಟಿ ಕಳ್ಕೊಬೇಕು ಅಂದ್ರೆ ಅವ್ರತ್ರ ಎಷ್ಟಿರ್ಬೇಕು, ನೀನೇ ಲೆಕ್ಕ ಹಾಕು."

ಬಾಲರಾಜಣ್ಣ ಲೆಕ್ಕ ಹಾಕಿದ. ಎಷ್ಟೋ ದೊಡ್ಡ ಮನೆತನವೇ ಇರಬೇಕು ಅನ್ನಿಸಿ ಗೌರವ ಮೂಡಿತು. ಎರಡು ಲಕ್ಷದವರೆಗೆ ಸಾಮಾನ್ಯರ ಸಾಲು, ಅದಕ್ಕಿಂತ ಮೇಲೆ ಹಾಕುವವರಿಗೆ ಶ್ರೀಮಂತರ ಸಾಲು ಎಂದು ಜಯಕುಮಾರ್ ವಿವರಿಸಿದಾಗಲಂತೂ ಬೆನ್ನು ತಾನಾಗಿ ನೆಟ್ಟಗಾಯಿತು. ಅಲ್ಲೂ "ಆಗ್ಲಿ ಬುಡ್ಲಾ" ಎಂದ.

ಅಲ್ಲಿಂದ ನೇರವಾಗಿ ಬಸ್ ಸ್ಟ್ಯಾಂಡಿನೆದುರಿನ ತಾಜ್ ಪಾಷಾನ ಟೀ ಅಂಗಡಿಗೆ ಹೋದ. ಪಾಷಾ ಟೀ ಲೋಟ ಮುಂದಿಡುತ್ತಾ, "ಬಾಲರಾಜಣ್ಣ, ದುಡ್ಡು ಬಂತಂತೆ. ಪೋಸ್ಟಾಫೀಸಲ್ಲಿ ಹಾಕಿ, ಬಡ್ಡಿ ತಿನ್ಕೊಂಡು ಆರಾಮಾಗಿರು" ಎಂದ. ಬೆಂಚಿನ ಮೇಲಿದ್ದ ನಾಲ್ಕು ಜನ ತಲೆಯಾಡಿಸಿದರು. ಅವರು ತಲೆಯಾಡಿಸದೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಪೋಸ್ಟಾಫೀಸು ಮುದುಕ್ರಿಗೆ ಕಣ್ಲಾ ಪಾಷಾ! ನಾನು ಚಿಟಿಕೆ ಷೇರಿಗೆ ಹಾಕ್ತಾ ಇವ್ನಿ. ಅದೂ ಶ್ರೀಮಂತರ ಸಾಲಲ್ಲಿ!" ಎಂದು ಬಾಲರಾಜಣ್ಣ ಮೈಕಿಲ್ಲದ ಮೈಕಿನ ದನಿಯಲ್ಲಿ ಸಾರಿದ. ಹೊರಡಲು ನಿಂತಿದ್ದ ಸಾತನೂರು ಬಸ್ಸಿನೊಳಗಿನವರೆಲ್ಲ ಕತ್ತು ಹೊರಗೆ ಹಾಕಿ ನೋಡಿದರು. ಸಂಜೆಯೊಳಗೆ ಸಾತನೂರಿಗೂ ಗೊತ್ತಾಯಿತು.

ಷೇರಿನ ಬಾಗಿಲು ತೆರೆದ ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಎರಡು ಪಕ್ಷಗಳು ಸಿದ್ಧವಾಗಿದ್ದವು. ಒಳಮನೆಯಲ್ಲಿ ಕೆಂಚಮ್ಮ ಇಸ್ತ್ರಿ ಸೀರೆ ಉಟ್ಟು, ಪೋಸ್ಟಾಫೀಸಿಗೆಂದು ತೆಗೆಸಿದ ಎರಡು ಫೋಟೋ ಹಿಡಿದು ನಿಂತಿದ್ದಳು. ಜಗುಲಿಯ ಮೇಲೆ ಜಯಕುಮಾರ್ ಫೋನು ಹಿಡಿದು ಕೂತಿದ್ದ. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಇಬ್ಬರೂ ಸೇರಿ ಬಾಲರಾಜಣ್ಣನನ್ನು ನೋಡಿದರು. ಹಜಾರದ ನಡುವೆ ಬನಿಯನ್ನಿನಲ್ಲಿ ನಿಂತಿದ್ದ ಅವನಿಗೆ ಗೋಡೆಯ ಮೇಲೆ ವೇಳಾಪಟ್ಟಿ ಎಲ್ಲಾದರೂ ಇದೆಯೇ ಎಂದು ಹುಡುಕುವ ಹಾಗಾಯಿತು.

"ಬಸಪ್ಪನ್ನ ಕೇಳಾಣ" ಎಂದ.

ಇದಕ್ಕೆ ಇಬ್ಬರೂ ಎದುರಾಡುವಂತಿರಲಿಲ್ಲ. ಕೋಡಿಹಳ್ಳಿ ಕಡೆಯ ಗುಡ್ಡೆ ಮಾರಮ್ಮನ ಬಸಪ್ಪ ಎಂದರೆ ದೇವರಿಗೆ ಬಿಟ್ಟ ಬಿಳಿ ಹೋರಿ. ಕೊಂಬಿಗೆ ಹಿತ್ತಾಳೆ ಕಳಸ, ಮೈಮೇಲೆ ಜರಿ ಹೊದಿಕೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ನೆಲದ ಮೇಲೆ ಅಂಗೈ ಚಾಚಿ ಕೂರಬೇಕು. ಆಗುವ ಕೆಲಸವಾದರೆ ಬಸಪ್ಪ ತಾನಾಗಿ ನಡೆದು ಬಂದು ಅಂಗೈ ಮೇಲೆ ಹಗುರವಾಗಿ ಪಾದ ಇಡುತ್ತದೆ, ಆಗದ್ದಾದರೆ ಮುಖ ತಿರುಗಿಸಿ ಹೋಗುತ್ತದೆ. ಮದುವೆ, ಬೋರ್‌ವೆಲ್ಲು, ಗಡಿ ತಕರಾರು ಎಲ್ಲ ಅಲ್ಲೇ ಇತ್ಯರ್ಥ. ನಿಯಮ ಎರಡೇ. ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಬಾರದು. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಬಾರದು.

"ಒಂದೇ ಪ್ರಶ್ನೆ ಮನಸ್ನಲ್ಲಿ ಇಟ್ಕೊಳಪ್ಪ. ಗಟ್ಯಾಗಿ ಹಿಡ್ಕೊ" ಎಂದು ಪೂಜಾರಿ ಕೃಷ್ಣಪ್ಪ ಎಚ್ಚರಿಸಿಯೇ ಕೂರಿಸಿದ.

ಬಾಲರಾಜಣ್ಣ 'ಷೇರು ತಗೊಳ್ಲಾ?' ಎಂದು ಗಟ್ಟಿಯಾಗಿ ಹಿಡಿದುಕೊಂಡ. ಬಸಪ್ಪ ಗುಡಿಯ ಮುಂದಿನಿಂದ ಹೊರಟಿತು. ಅಷ್ಟರಲ್ಲಿ ಎದುರಿಗೆ ಕೈಮುಗಿದು ನಿಂತ ಕೆಂಚಮ್ಮ ಕಣ್ಣಿಗೆ ಬಿದ್ದಳು. ಪಾಪ ಅನ್ನಿಸಿ ಪ್ರಶ್ನೆಯನ್ನು 'ಪೋಸ್ಟಾಫೀಸಿಗೆ ಹಾಕ್ಲಾ?' ಎಂದು ಬದಲಾಯಿಸಿದ. ಜಯಕುಮಾರ್ ಕೆಮ್ಮಿದ. ಮತ್ತೆ ಷೇರಾಯಿತು. ಬಸಪ್ಪ ಕಲ್ಯಾಣಿಯ ಕಟ್ಟೆ ದಾಟಿತು. ಪೋಸ್ಟಾಫೀಸಾಯಿತು. ಟೀ ಅಂಗಡಿಯ ಬೆಂಚಿನ ನಾಲ್ಕು ಜನ ನೆನಪಾದರು. ಷೇರಾಯಿತು. ಬಸಪ್ಪ ಇನ್ನೊಂದೇ ಹೆಜ್ಜೆ ಇರುವಾಗ, ಕೈಯನ್ನೇ ಎಳೆದುಕೊಂಡುಬಿಟ್ಟರೆ ಹೇಗೆ ಎಂಬ ಮೂರನೆಯ ದಾರಿಯೂ ಹೊಳೆದು ಅಂಗೈ ಅರ್ಧ ಸರಿಸಿದ.

ಬಸಪ್ಪನ ತಪ್ಪು ಏನೂ ಇಲ್ಲ. ಅಂಗೈ ಇದ್ದ ಜಾಗಕ್ಕೆ ಅದು ಹಗುರವಾಗಿಯೇ ಪಾದ ಇಳಿಸಿತ್ತು. ಅಲ್ಲಿ ಈಗ ಬೆರಳುಗಳಿದ್ದವು.

"ಅಯ್ಯಯ್ಯಪ್ಪೋ!" ಎಂದ ಕೂಗಿಗೆ ಗುಡ್ಡದ ಮೇಲಿನ ಪಾರಿವಾಳಗಳೆಲ್ಲ ಎದ್ದುಹೋದವು. ಜನ ಅದನ್ನು ಭಕ್ತಿಯ ಉದ್ಗಾರವೆಂದು ತಿಳಿದು ಉಘೇ ಉಘೇ ಎಂದರು. "ಪಾದ ಆಯ್ತು! ಎಂಥಾ ಪಾದ! ಇಷ್ಟು ಗಟ್ಟಿ ಪಾದ ಯಾರ್ಗೂ ಕೊಟ್ಟಿಲ್ಲ" ಎಂದು ಕೃಷ್ಣಪ್ಪ ಬಂಡಾರ ಹಚ್ಚಿದ. ಕೆಂಚಮ್ಮನ ಕಣ್ಣಲ್ಲಿ ನೀರು ಬಂತು. ಜಯಕುಮಾರ್ ಶಿಳ್ಳೆ ಹೊಡೆದ. ಇಬ್ಬರೂ ಗೆದ್ದಿದ್ದರು.

ಸೋತವನು ಬಾಲರಾಜಣ್ಣ ಒಬ್ಬನೇ. ನೋವು ಒಂದಿಷ್ಟು ಇಳಿದ ಮೇಲೆ ಮನಸ್ಸಿನೊಳಗೆ ತಡಕಿ ನೋಡಿದರೆ ಪ್ರಶ್ನೆ ಅಲ್ಲಿರಲಿಲ್ಲ. ಪಾದ ಬಿದ್ದಾಗ ಒಳಗಿದ್ದದ್ದು ಷೇರೋ ಪೋಸ್ಟಾಫೀಸೋ, ಬಾಯಲ್ಲಿ ಬಂದ ಅಯ್ಯಯ್ಯಪ್ಪೋದ ಜೊತೆ ಅದೂ ಹಾರಿಹೋಗಿತ್ತು.

ಬರುವಾಗ ಆಟೋದಲ್ಲಿ "ಏನಂತ ಕೇಳ್ದ್ರಿ?" ಎಂದು ಎಡಗಡೆಯಿಂದ ಕೆಂಚಮ್ಮ, "ಏನಂತ ಕೇಳ್ದೆ ಬಾವ?" ಎಂದು ಬಲಗಡೆಯಿಂದ ಜಯಕುಮಾರ್. "ಕೈ ನೋಯ್ತಾ ಐತೆ, ಸುಮ್ಕಿರ್ರಪ್ಪ" ಎಂದು ಊರು ಮುಟ್ಟಿದ. ಡಾಕ್ಟರು ಬಲಗೈಗೆ ತೆಂಗಿನಕಾಯಿ ಗಾತ್ರದ ಬ್ಯಾಂಡೇಜು ಸುತ್ತಿ, ಊತ ಇಳಿಯುವವರೆಗೆ ಕೈಯನ್ನು ಸದಾ ಮೇಲೆ ಎತ್ತಿಕೊಂಡೇ ಇರಬೇಕೆಂದು ಕಟ್ಟುನಿಟ್ಟಾಗಿ ಹೇಳಿದರು. ವೈದ್ಯಶಾಸ್ತ್ರದ ಪ್ರಕಾರ ಅದು ಸರಿಯಾದ ಸಲಹೆ. ಕನಕಪುರದ ಅರ್ಥವ್ಯವಸ್ಥೆಗೆ ಮಾತ್ರ ಅದರಿಂದ ಭಾರೀ ಧಕ್ಕೆಯಾಯಿತು.

ಸಂಜೆ ಟೀ ಅಂಗಡಿಗೆ ಹೋದಾಗ ಬೆಂಚಿನವರೆಲ್ಲ ಎದ್ದು ನಿಂತರು. "ಬಸಪ್ಪ ಏನ್ ಹೇಳ್ತಣ್ಣ? ಷೇರು ಏನಾಯ್ತದೆ?" ಎಂದು ತಾಜ್ ಪಾಷಾ ಕೇಳಿದ. ನನಗೇನು ಗೊತ್ತಪ್ಪ ಎಂದು ಹೇಳುವ ಧೈರ್ಯವಿಲ್ಲದೆ ಬಾಲರಾಜಣ್ಣ ಸುಮ್ಮನೆ ನಿಂತ. ಕೈ ಡಾಕ್ಟರು ಹೇಳಿದಂತೆ ಆಕಾಶ ನೋಡುತ್ತಿತ್ತು.

ಬೆಂಚು ಆ ಕೈಯನ್ನು ನೋಡಿತು. ಆಮೇಲೆ ಮುಖ ಮುಖ ನೋಡಿಕೊಂಡಿತು.

"ಮೇಲ್ ಹೋಯ್ತದಂತೆ ಕಣ್ಲಾ!"

ಮಾರನೆಯ ದಿನ ಜಯಕುಮಾರನ ಅಂಗಡಿಯ ಮುಂದೆ ನಿಂತ ಸಾಲು ಕೋರ್ಟಿನ ತಿರುವಿನವರೆಗೆ ಬಂದಿತ್ತು. ಷೇರಿನ ಖಾತೆ ತೆರೆಸಿದರೆ ತಲೆಗೆ ಇಷ್ಟು ಎಂದು ಕಮಿಷನ್ ಇದ್ದುದರಿಂದ ಅವನು ಊಟ ಬಿಟ್ಟು ತೆರೆದ. ಗೊಬ್ಬರದಂಗಡಿಯವರು, ಕಲ್ಲುಕ್ವಾರಿಯ ಮೇಸ್ತ್ರಿಗಳು, ಕೈಲಾಂಚದಿಂದ ಸ್ಕೂಟರಿನಲ್ಲಿ ಬಂದ ರೇಷ್ಮೆ ಬೆಳೆಗಾರರು ಎಲ್ಲ ಶ್ರೀಮಂತರ ಸಾಲು ಎಲ್ಲಿದೆ ಎಂದು ಕೇಳಿಕೊಂಡು ಬಂದರು. ಮುಂಬೈಯಲ್ಲಿ ಷೇರುಪೇಟೆಯ ಬಾಗಿಲಲ್ಲೂ ಬಸಪ್ಪನನ್ನೇ ನಿಲ್ಲಿಸಿದ್ದಾರಂತೆ ಎಂದು ಫೋನಿನಲ್ಲಿ ಅಲ್ಲಿನ ಕಂಚಿನ ಗೂಳಿಯ ಫೋಟೋ ಹರಿದಾಡಿದ ಮೇಲಂತೂ ಅನುಮಾನಪಡುವವರ ಬಾಯಿ ಮುಚ್ಚಿತು. ಬಾಲರಾಜಣ್ಣ ಔಷಧಿ ತರಲು ಬೀದಿಗಿಳಿದರೆ ಸಾಕು, ಎತ್ತಿದ ಕೈಗೆ ಜನ ನಮಸ್ಕಾರ ಮಾಡಿ ನೇರವಾಗಿ ಬ್ಯಾಂಕಿಗೆ ಹೋಗುತ್ತಿದ್ದರು. ಮಗನಿಗೆ 'ನಿಮ್ಮ ಕಂಪನಿ'ಯಲ್ಲಿ ಡ್ರೈವರ್ ಕೆಲಸ ಕೊಡಿಸಬೇಕೆಂದು ಒಬ್ಬರು ಬಾಳೆಗೊನೆ ತಂದು ಜಗುಲಿಯ ಮೇಲಿಟ್ಟರು.

ಬುಧವಾರ ಸಂಜೆ ಬ್ಯಾಂಕ್ ಮ್ಯಾನೇಜರು ಶಿವಕಿರಣ್ ಖುದ್ದಾಗಿ ಮನೆಗೆ ಬಂದರು. ಸಾಲಗಾರರ ಮನೆಗೂ ಕಾಲಿಡದ ಮನುಷ್ಯ ಬೆವರು ಒರೆಸಿಕೊಳ್ಳುತ್ತಾ ಕೈಮುಗಿದರು.

"ಸಾರ್, ದಯವಿಟ್ಟು ಆ ಕೈ ಒಸಿ ಕೆಳಗೆ ಇಳಿಸಿ."

"ಇಳ್ಸಂಗಿಲ್ಲ ಸಾರ್. ಡಾಕ್ಟ್ರು ಹೇಳವ್ರೆ."

"ನೀವು ಪೇಟೇಲಿ ಒಂದು ರೌಂಡ್ ಹೋಗಿ ಬಂದ್ರೆ ನಮ್ ಬ್ರಾಂಚಲ್ಲಿ ಹತ್ತು ಡಿಪಾಸಿಟ್ ಮುರೀತವೆ! ಮೇಲಾಫೀಸಿಂದ ಫೋನ್ ಮಾಡಿ, ಕನಕಪುರದಲ್ಲಿ ಏನಾಗಿದೆ ಅಂತ ಕೇಳ್ತಾರೆ. ಒಬ್ರ ಕೈ ಮೇಲಿದೆ ಸಾರ್ ಅಂತ ರಿಪೋರ್ಟ್ ಬರೀಲಾ? ಕೊನೇಪಕ್ಷ ಒಂದು ಚೀಲದೊಳಗಾದ್ರೂ ಇಟ್ಕೊಂಡು ಓಡಾಡಿ."

ಮ್ಯಾನೇಜರು ಹೋದ ಬೆನ್ನಿಗೆ ಪಕ್ಕದ ಮನೆಯ ಅಂಕಮ್ಮ ಬಂದಳು. ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಬದುಕುವ ಹೆಂಗಸು. "ನಾನೂ ಜಯಕುಮಾರನ ಕೈಲಿ ಹದಿನೈದು ಸಾವ್ರ ಹಾಕಿಸ್ಬುಟ್ಟೆ ಕಣಪ್ಪ, ನಿನ್ ಕೈ ನೋಡಿ" ಎಂದಳು. ಬಾಲರಾಜಣ್ಣನಿಗೆ ಅಲ್ಲಿಯವರೆಗೆ ತಮಾಷೆಯಾಗಿದ್ದದ್ದು ಹಾಲಿನ ದುಡ್ಡು ಬಂದ ಕೂಡಲೇ ತಮಾಷೆಯಾಗಿ ಉಳಿಯಲಿಲ್ಲ.

ಆದರೆ ಅವನನ್ನು ನಿಜವಾಗಿ ಕೆಡವಿದ್ದು ಕೆಂಚಮ್ಮ. ಊರಿನ ಸುದ್ದಿ ಅವಳಿಗೂ ತಲುಪಿತ್ತು. ಜಗಳ ಆಡಲಿಲ್ಲ, ಅಳಲಿಲ್ಲ. ಗುರುವಾರ ಮಧ್ಯಾಹ್ನ, ಷೇರಿನ ಬಾಗಿಲು ಮುಚ್ಚಲು ಒಂದೆರಡು ಗಂಟೆಯಿರುವಾಗ, ಪೋಸ್ಟಾಫೀಸಿನ ಆ ಎರಡು ಫೋಟೋಗಳನ್ನು ಬಳೆ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು.

"ಬಸಪ್ಪನೇ ಷೇರಿಗೆ ಪಾದ ಕೊಟ್ಟದೆ ಅಂದ್ಮೇಲೆ ನಾನ್ಯಾರು ಬ್ಯಾಡ ಅನ್ನಕೆ? ಹಾಕಿ" ಎಂದಳು.

ಜಗುಲಿಯಲ್ಲಿ ಜಯಕುಮಾರ್ ಫೋನು ಮುಂದೆ ಹಿಡಿದು, "ಎಡಗೈಲಿ ಪಿನ್ ಒತ್ತು ಬಾವ, ಐದು ಗಂಟೆಗೆ ಮುಚ್ತದೆ" ಎಂದು ಗೋಗರೆಯುತ್ತಿದ್ದ. ಬಾಲರಾಜಣ್ಣ ಬೆರಳು ಚಾಚಿದ. ಬಳೆ ಡಬ್ಬಿಯ ಕಡೆ ನೋಡಿದ. ಬೆರಳು ಹಿಂದಕ್ಕೆ ತೆಗೆದ.

"ನಂಗೆ ಮರ್ತೋಯ್ತು ಕಣಮ್ಮಿ! ಏನ್ ಕೇಳ್ದೆ ಅನ್ನೋದೇ ಮರ್ತೋಯ್ತು! ಬಸಪ್ಪ ಯಾತಕ್ಕೆ ಪಾದ ಕೊಡ್ತೋ ನಂಗೊತ್ತಿಲ್ಲ!"

ಜೀವನದಲ್ಲಿ ಮೊದಲ ಬಾರಿಗೆ ಅವನು ತನ್ನ ಸ್ವಂತ ಸತ್ಯವನ್ನು ಹೇಳಿದ್ದ. ಅದನ್ನೂ ಬಸ್ ಸ್ಟ್ಯಾಂಡಿನ ದನಿಯಲ್ಲೇ ಹೇಳಿದ್ದ. ಗೋಡೆಯಾಚೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಅಂಕಮ್ಮ ಕುಕ್ಕೆ ಎಸೆದು ಬೀದಿಗೆ ಓಡಿದಳು. "ಮರ್ತೋದ್ನಂತೆ! ಬಾಲರಾಜ ಮರ್ತೋದ್ನಂತೆ!"

ಹತ್ತು ನಿಮಿಷದಲ್ಲಿ, ಅಂದರೆ ಚಿಟಿಕೆ ಕಂಪನಿ ತರಕಾರಿ ತಲುಪಿಸುವಷ್ಟು ಹೊತ್ತಿನಲ್ಲಿ, ಎರಡು ಟೆಂಪೋ, ಒಂದು ಟ್ರ್ಯಾಕ್ಟರು, ಲೆಕ್ಕವಿಲ್ಲದಷ್ಟು ಸ್ಕೂಟರು ಗುಡ್ಡೆ ಮಾರಮ್ಮನ ಕಡೆ ಹೊರಟವು. ಮುಂದಿನ ಟೆಂಪೋದಲ್ಲಿ ಬಾಲರಾಜಣ್ಣ ಕೈ ಎತ್ತಿಕೊಂಡು ನಿಂತಿದ್ದ. ಎದುರಿನಿಂದ ಬಂದ ಲಾರಿಯವರು ಚುನಾವಣೆಯ ಮೆರವಣಿಗೆಯೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಇನ್ನೊಮ್ಮೆ ಕೇಳಿಸು ಎಂದು ಎಷ್ಟು ಬೇಡಿದರೂ ಪೂಜಾರಿ ಕೃಷ್ಣಪ್ಪ ಜಪ್ಪಯ್ಯ ಅನ್ನಲಿಲ್ಲ. "ಕೇಳಿದ್ನೇ ಕೇಳಂಗಿಲ್ಲ. ಬಸಪ್ಪಂಗೆ ಕೋಪ ಬತ್ತದೆ."

ತಾಜ್ ಪಾಷಾ ಮುಂದೆ ಬಂದ. "ಕೃಷ್ಣಪ್ಪಣ್ಣ, ಏನ್ ಕೇಳ್ದೆ ಅಂತ ಅವ್ನಿಗೇ ಗೊತ್ತಿಲ್ಲ. ಅದನ್ನೇ ಕೇಳ್ತಾವ್ನೆ ಅಂತ ನಿಂಗೆಂಗೊತ್ತು?"

ಪೂಜಾರಿ ಕೈ ಅಡ್ಡ ಹಿಡಿದ. "ಅವತ್ತು ಷೇರು ಕೇಳಿದ್ದಿದ್ರೆ?"

"ಹಂಗಾರೆ ಪೋಸ್ಟಾಫೀಸ್ ಕೇಳ್ಲಿ."

"ಅವತ್ತು ಅದ್ನೇ ಕೇಳಿದ್ರೆ?"

"ಹಂಗಾರೆ ಷೇರು ಕೇಳ್ಲಿ."

ಈ ವ್ಯಾಜ್ಯ ಹೈಕೋರ್ಟಿಗೆ ಹೋದರೂ ಬೇಗ ಮುಗಿಯುವಂಥದ್ದಲ್ಲ. ಗೊಬ್ಬರದಂಗಡಿಯವರು ಒಂದು ಪಕ್ಷ ಹಿಡಿದರು, ಕ್ವಾರಿಯವರು ಇನ್ನೊಂದು. ಜಯಕುಮಾರ್ ನಿಮಿಷಕ್ಕೊಮ್ಮೆ ಗಡಿಯಾರ ತೋರಿಸುತ್ತಿದ್ದ. ಕಾರಣಕರ್ತನಾದ ಬಸಪ್ಪ ಬೇವಿನ ಮರದಡಿ ಹುಲ್ಲು ಮೆಲುಕು ಹಾಕುತ್ತಿತ್ತು.

"ಸರೀರಿ ಅತ್ಲಾಗೆ" ಎಂದಳು ಕೆಂಚಮ್ಮ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಸಪ್ಪನ ಮುಂದೆ ಮಂಡಿಯೂರಿ ಅಂಗೈ ಚಾಚಿದಳು. "ನಾನ್ ಇದುವರ್ಗೂ ಏನೂ ಕೇಳಿಲ್ವಲ್ಲ ಪೂಜಾರಪ್ಪ" ಎಂದಳು. ಕೃಷ್ಣಪ್ಪನ ಹತ್ತಿರ ಇದಕ್ಕೆ ನಿಯಮವಿರಲಿಲ್ಲ.

ಬಸಪ್ಪ ಮೆಲುಕು ನಿಲ್ಲಿಸಿತು. ಎದ್ದು ನಾಲ್ಕು ಹೆಜ್ಜೆ ಬಂತು. ಅವಳ ಅಂಗೈ ಅಲುಗಲಿಲ್ಲ. ಪಾದ ಹೂವಿನ ಹಾಗೆ ಬಂದು ಕೂತು, ಎದ್ದು ಹೋಯಿತು.

ಕೆಂಚಮ್ಮ ಮಣ್ಣು ಕೊಡವಿಕೊಂಡು ಎದ್ದು, "ಪೋಸ್ಟಾಫೀಸು" ಎಂದಳು.

ಎಲ್ಲರೂ ಒಟ್ಟಿಗೆ ಷೇರಿನ ಅರ್ಜಿ ವಾಪಸ್ ಪಡೆಯಲು ಫೋನು ತೆಗೆದರು. ಗುಡ್ಡದ ಹಿಂದೆ ಸಿಗ್ನಲ್ ಇರಲಿಲ್ಲ. ಗುಡಿಯಿದ್ದ ಆ ಊರಿನಲ್ಲಿ ಸಿಗ್ನಲ್ ಸಿಗುವ ಒಂದೇ ಜಾಗವೆಂದರೆ ಓವರ್‌ಹೆಡ್ ಟ್ಯಾಂಕಿನ ಏಣಿ. ಕನಕಪುರದ ಹೂಡಿಕೆದಾರರೆಲ್ಲ ಆ ಏಣಿಯ ಮೇಲೆ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಂತಿದ್ದನ್ನು ನೋಡಿದವರು ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮೇಲಿದ್ದವರಿಗೆ ಸಿಗ್ನಲ್ ಸಿಕ್ಕಿತು, ಕೆಳಗಿದ್ದವರಿಗೆ ಐದು ಗಂಟೆಯಾಯಿತು. ಬಟನ್ ಫೋನಿನ ಅಂಕಮ್ಮ ಏಣಿಯ ತಂಟೆಗೇ ಹೋಗದೆ, ಹಾಲು ಕರೆಯುವ ಹೊತ್ತಾಯಿತೆಂದು ಮೊದಲ ಟೆಂಪೋ ಹತ್ತಿ ಬಂದುಬಿಟ್ಟಳು.

ಮರುದಿನ ಬ್ಯಾಂಕಿನಿಂದ ದುಡ್ಡು ತೆಗೆಯಬೇಕಾದರೆ ಬಾಲರಾಜಣ್ಣನ ಬಲಗೈ ಸಹಿ ಮಾಡುವಂತಿರಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿದ. ಸಾಕ್ಷಿಗೆ ಮ್ಯಾನೇಜರು ಶಿವಕಿರಣರೇ ಕುರ್ಚಿ ಬಿಟ್ಟು ಓಡಿಬಂದರು. ಒಂಬತ್ತು ಲಕ್ಷ ಹೋದರೆ ಹೋಗಲಿ, ಆ ಕೈ ತಮ್ಮ ಬಾಗಿಲು ಬಿಟ್ಟು ಹೋಗುತ್ತದಲ್ಲ ಎಂಬ ಸಂತೋಷ ಅವರದು. ಪೋಸ್ಟಾಫೀಸಿನಲ್ಲಿ ಕೆಂಚಮ್ಮ ನಾಲಿಗೆ ಕಚ್ಚಿಕೊಂಡು ಕೆಂ-ಚ-ಮ್ಮ ಎಂದು ದೊಡ್ಡದಾಗಿ ಬರೆದಳು. ಬಾಲರಾಜಣ್ಣ ಪಕ್ಕದಲ್ಲಿ ನಿಂತು ಒಂದೊಂದು ಅಕ್ಷರವನ್ನೂ ನೋಡಿದ. ಅವಳು ಹೆಸರು ಬರೆಯುವುದನ್ನು ಅವನು ಇಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ.

ಚಿಟಿಕೆಯ ಸಂಗತಿ ಏನಾಯಿತೆಂದು ಕೇಳುವವರು ಕೇಳುತ್ತಾರೆ. ದೇಶವೆಲ್ಲ ಮುಗಿಬಿದ್ದಿದ್ದರಿಂದ ಷೇರುಗಳನ್ನು ಲಾಟರಿಯಂತೆ ಎತ್ತಿ ಹಂಚಿದರು. ಜಯಕುಮಾರನಿಗೆ ಒಂದೂ ಬರಲಿಲ್ಲ, ಏಣಿಯ ಕೆಳಗಿದ್ದವರಿಗೂ ಬರಲಿಲ್ಲ, ದುಡ್ಡು ಹಾಗೇ ವಾಪಸ್ ಬಂತು. ಇಡೀ ಊರಿನಲ್ಲಿ ಅಂಕಮ್ಮನೊಬ್ಬಳಿಗೇ ಬಂತು. ಷೇರು ಪೇಟೆಗೆ ಬಂದ ಮೊದಲ ದಿನ ಬೆಳಿಗ್ಗೆ ಬೆಲೆ ಮೇಲೆ ಹೋಯಿತು. ಇನ್ನೂ ಹೋಗುತ್ತದೆ, ಇಟ್ಕೊ ಎಂದು ಜಯಕುಮಾರ್ ಬಡಕೊಂಡರೂ ಕೇಳದೆ ಅವಳು ಹತ್ತೂವರೆಗೆ ಮಾರಿಸಿ, ಲಾಭದಲ್ಲಿ ಹಸುಗಳ ಕಾಲಡಿಗೆ ರಬ್ಬರ್ ಮ್ಯಾಟು ತಂದಳು. ಮಧ್ಯಾಹ್ನ ಬೆಲೆ ಇಳಿಯಿತು. ಆಮೇಲೆ ಹತ್ತಿತು, ಮತ್ತೆ ಇಳಿಯಿತು. ಈಗಲೂ ಹತ್ತುತ್ತಾ ಇಳಿಯುತ್ತಾ ಇದೆ. ಹಸುಗಳು ಮಾತ್ರ ಮ್ಯಾಟಿನ ಮೇಲೆ ಸುಖವಾಗಿ ಮಲಗುತ್ತವೆ.

ತಿಂಗಳಾಯಿತು. ಕೆಂಚಮ್ಮ ಪೋಸ್ಟಾಫೀಸಿನಿಂದ ಮೊದಲ ಬಡ್ಡಿ ತೆಗೆದುಕೊಂಡು, ಬ್ರೆಡ್ಡು, ಬಾಳೆಹಣ್ಣು, ಒಂದು ಪಾಕೀಟು ಖಾರಾಬೂಂದಿ ಕಟ್ಟಿಸಿಕೊಂಡು, ಹಾರೋಹಳ್ಳಿಯ ತಂಗಿ ಮನೆಗೆಂದು ಬಸ್ ಸ್ಟ್ಯಾಂಡಿಗೆ ಬಂದಳು. ಚೀಲ ಹೊರಲು ಬಾಲರಾಜಣ್ಣನೂ ಬಂದಿದ್ದ. ಬ್ಯಾಂಡೇಜು ಬಿಚ್ಚಿ ಕೈ ಕೆಳಗಿಳಿದಿತ್ತು. ಜೇಬು ತಡವಿದ. ಚಿಲ್ಲರೆ ಇರಲಿಲ್ಲ.

"ಒಂದಿಪ್ಪತ್ ರೂಪಾಯಿ ಕೊಡಮ್ಮಿ. ಪಾಷಾನ ಅಂಗಡೀಲಿ ಟೀ ಕುಡೀತೀನಿ."

ಯಾತಕ್ಕೆ, ಎಷ್ಟು ಎಂದು ಏನೂ ಕೇಳದೆ ಕೆಂಚಮ್ಮ ಪರ್ಸಿನಿಂದ ಐವತ್ತು ತೆಗೆದು ಕೊಟ್ಟಳು. ಬಾಲರಾಜಣ್ಣನಿಗೆ ನಾಚಿಕೆಯಾಯಿತು. ಆ ನಾಚಿಕೆ ಮುಚ್ಚಲು ಏನಾದರೂ ಮಾತಾಡಬೇಕೆಂದು, ಒಂದು ತಿಂಗಳಿಂದ ಒಳಗೇ ಕೊರೆಯುತ್ತಿದ್ದದ್ದನ್ನು ಕೇಳಿಬಿಟ್ಟ.

"ಅವತ್ತು ಬಸಪ್ಪನ್ನ ನೀನು ಏನಂತ ಕೇಳ್ದೆ?"

"ನಾನೆಲ್ಲಿ ಕೇಳ್ದೆ?"

"ಮತ್ತೆ ಅಂಗೈ ಚಾಚ್ಕೊಂಡು ಕೂತಿದ್ದೆ?"

ಬಸ್ಸು ಬಂತು. ಕೆಂಚಮ್ಮ ಚೀಲ ಇಸಿದುಕೊಂಡು ಮೆಟ್ಟಿಲು ಹತ್ತಿ, ತಿರುಗಿ ನೋಡಿದಳು.

"ನಾಳೆ ಪೋಸ್ಟಾಫೀಸಿಗೆ ಹೋಯ್ತಾ ಇವ್ನಿ, ಒಳ್ಳೇದ್ ಮಾಡಪ್ಪ ಅಂತ ಹೇಳ್ದೆ. ಮೂವತ್ ವರ್ಸ ಕೇಳಿ ಕೇಳಿ ಸಾಕಾಗಿತ್ತು ಕಣ್ರೀ."